ಕಟ್ಟಿ ಬಿಚ್ಚುವ ಮಂಟಪ

ವಾಸ್ತುಶಿಲ್ಪವೆಂದೊಡನೆ ನಮ್ಮಲ್ಲಿ ವಿದ್ಯಾವಂತರ ಮನಸ್ಸು ಬೇಲೂರಿಗೋ ಹಳೇಬೀಡಿಗೋ ಹಂಪೆಗೋ ಹೋಗುತ್ತದೆ. ಅದು ಸಹಜವೇ. ಕಲ್ಲಿನಲ್ಲಿ ನಿಂತದ್ದು ಕಣ್ಣಿಗೆ ಬೀಳುತ್ತದೆ. ಚರಿತ್ರಕಾರನ ಕೈಗೂ ಸಿಕ್ಕುತ್ತದೆ. ಆದರೆ ನಮ್ಮ ನಾಡಿನ ಜನರು ಒಟ್ಟುಗೂಡಿ ಹಾಡು ಕೇಳಿದ, ಕುಣಿತ ನೋಡಿದ, ತಾವೇ ಕುಣಿದ ಸ್ಥಳಗಳು ಯಾವುವೆಂದು ವಿಚಾರಿಸಿದರೆ ಅವುಗಳಲ್ಲಿ ಕಲ್ಲಿನವು ಕೆಲವೇ. ಉಳಿದುವೆಲ್ಲ ಸಂಜೆಗೆ ಎದ್ದು ಬೆಳಗಿಗೆ ಮಾಯವಾದ ಕಟ್ಟಡಗಳು: ಗದ್ದೆಯ ನಡುವಣ ರಂಗಸ್ಥಳ, ಬೀದಿಯ ಚಪ್ಪರ, ಜಾತ್ರೆಯ ಡೇರೆ, ಉತ್ತರ ಸೀಮೆಯ ಅಟ್ಟದಾಟದ ಅಟ್ಟ. ಇವುಗಳಿಗೆ ಶಾಸನವಿಲ್ಲ, ಶಿಲ್ಪಿಯ ಹೆಸರಿಲ್ಲ. ನೆಲದಲ್ಲಿ ನಾಲ್ಕು ಕುಳಿ ಉಳಿದರೆ ಅದೇ ಹೆಚ್ಚು.

ಇಂತಹ ಕಟ್ಟಡಗಳನ್ನು ಕಟ್ಟುವುದೂ ಒಂದು ಶಿಲ್ಪವಿದ್ಯೆಯೇ ಎಂದು ನಾವು ನಂಬಿದ್ದೇವೆ. ಆ ವಿದ್ಯೆಯಲ್ಲಿ ಒಂದು ವಿಶೇಷವುಂಟು. ಕಲ್ಲಿನ ಮಂಟಪದ ಗುಣವನ್ನು ಅದು ಎಷ್ಟು ಕಾಲ ನಿಂತೀತೆಂಬುದರಿಂದ ಅಳೆಯುತ್ತೇವೆ. ಚಪ್ಪರದ ಗುಣವನ್ನು ಅದು ಹೇಗೆ ಬಿಚ್ಚಿಕೊಳ್ಳುತ್ತದೆಂಬುದರಿಂದ ಅಳೆಯತಕ್ಕದ್ದು. ಈ ಮಾತನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ. ಒಂದು ಸಂಜೆ ಪೆಟ್ಟು ತಿಂದು ಕಲಿತೆವು. ಅದನ್ನು ಹೇಳುವುದಕ್ಕೆ ಮೊದಲು, ಈ ವಿದ್ಯೆಯು ಚೆನ್ನಾಗಿ ಬಲಿತಿರುವ ಒಂದು ಸ್ಥಳಕ್ಕೆ ಶ್ರೋತೃಗಳನ್ನು ಕರೆದುಕೊಂಡು ಹೋಗುತ್ತೇವೆ.

ಕರಾವಳಿಯ ಬಯಲಾಟವನ್ನು ನೋಡದವರು ತಮ್ಮಲ್ಲಿ ಕಡಮೆ. ಕೊಯ್ಲಾದ ಗದ್ದೆಯಲ್ಲಿ ಹದಿನೈದಿಪ್ಪತ್ತು ಅಡಿಗಳ ಒಂದು ಚೌಕವನ್ನು ಗೊತ್ತುಮಾಡಿ ನಾಲ್ಕು ಮೂಲೆಗೆ ನಾಲ್ಕು ಕಂಬಗಳನ್ನು ನೆಡುತ್ತಾರೆ. ಮೇಲೆ ಮಾವಿನ ಸೊಪ್ಪಿನ ತೋರಣ ಕಟ್ಟುತ್ತಾರೆ. ಅಲ್ಲಿಗೆ ರಂಗಸ್ಥಳವು ಸಿದ್ಧ. ಹಿಂಭಾಗದಲ್ಲಿ ಭಾಗವತರೂ ಮದ್ದಳೆ ಚಂಡೆಗಳವರೂ. ಉಳಿದ ಮೂರು ಕಡೆಯೂ ಜನ. ತುಸು ದೂರದಲ್ಲಿ ಬಣ್ಣ ಹಚ್ಚುವ ಚೌಕಿ. ಹಿಂದಿನ ಕಾಲದಲ್ಲಿ ಬೆಳಕಿಗೆ ಎರಡು ದೀವಟಿಗೆಗಳು. ಗೋಡೆಯಿಲ್ಲ, ಬಾಗಿಲಿಲ್ಲ, ಆದರೂ ವೇಷವು ಚೌಕಿಯಿಂದ ಹೊರಟು ಕತ್ತಲೆಯನ್ನು ದಾಟಿ ಆ ನಾಲ್ಕು ಕಂಬಗಳ ಒಳಕ್ಕೆ ಕಾಲಿಟ್ಟ ಕ್ಷಣದಲ್ಲಿ ಒಂದು ಲೋಕವನ್ನು ಬಿಟ್ಟು ಇನ್ನೊಂದನ್ನು ಹೊಕ್ಕಿತೆಂಬುದರಲ್ಲಿ ಯಾರಿಗೂ ಸಂಶಯವಿರುವುದಿಲ್ಲ. ನಾಲ್ಕು ಕಂಬಗಳಿಂದ ಇಷ್ಟು ಕೆಲಸ ಮಾಡಿಸಿದ ವಾಸ್ತುಶಿಲ್ಪಿಗಳು ಬೇರೆಲ್ಲಿದ್ದಾರೋ ಕಾಣೆವು.

ಇದರ ಸಾಮಗ್ರಿಯನ್ನು ನೋಡಿರಿ. ಕಂಬವು ಪಕ್ಕದ ತೋಟದ ಅಡಕೆ ಮರ ಅಥವಾ ಬಿದಿರು. ಮೇಲೆ ಮುಚ್ಚಬೇಕಾದರೆ ಹೆಣೆದ ತೆಂಗಿನ ಗರಿ. ಬಿಗಿಯುವುದಕ್ಕೆ ತೆಂಗಿನ ನಾರಿನ ಹುರಿ. ಎಲ್ಲವೂ ಬೆಳಗ್ಗೆ ಬಂದದ್ದು, ಮರುದಿನ ಹಿಂದಕ್ಕೆ ಹೋಗತಕ್ಕದ್ದು. ಕಂಬವು ತೋಟದ ಬೇಲಿಗೋ ಇನ್ನೊಂದು ಚಪ್ಪರಕ್ಕೋ ಆಗುತ್ತದೆ, ಗರಿಯು ಹಳತಾದರೆ ಒಲೆಗೆ, ಸೊಪ್ಪು ಗೊಬ್ಬರಕ್ಕೆ. ಗದ್ದೆಯು ಮತ್ತೆ ಗದ್ದೆಯೇ. ಮುಂಗಾರಿಗೆ ಉಳುವ ರೈತನ ನೇಗಿಲಿಗೆ ಅಲ್ಲಿ ರಾವಣನು ಕುಣಿದ ಗುರುತು ಸಿಕ್ಕುವುದಿಲ್ಲ.

ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಟಿಕೇಟಿನ ಆಟಗಳು ಬಂದು ಡೇರೆ ಮೇಳಗಳು ಹುಟ್ಟಿದುವು. ಅಲ್ಲಿ ಈ ವಿದ್ಯೆಯು ಇನ್ನೊಂದು ರೂಪವನ್ನು ತಾಳಿತು. ಕಂಬ, ಬಟ್ಟೆ, ಹಗ್ಗ, ಗೂಟ, ಕುರ್ಚಿ, ವೇಷದ ಪೆಟ್ಟಿಗೆ ಎಲ್ಲವೂ ಲಾರಿಯಲ್ಲಿ ಊರಿಂದೂರಿಗೆ ಹೋಗತೊಡಗಿದುವು. ದೀಪಾವಳಿಯ ತರುವಾಯ ಹೊರಟ ಮೇಳವು ಮೇ ತಿಂಗಳ ಕೊನೆಯ ಪತ್ತನಾಜೆಯವರೆಗೆ, ರಾತ್ರಿಗೊಂದು ಊರಿನಂತೆ ತಿರುಗಿದರೆ, ಒಂದೇ ಡೇರೆಯನ್ನು 150ಕ್ಕೂ ಹೆಚ್ಚು ಸಲ ಎಬ್ಬಿಸಿ ಇಳಿಸಿದಂತಾಗುತ್ತದೆ. ಬೆಳಗಿನ ಜಾವಕ್ಕೆ ಮಂಗಳವಾಗಿ, ಸೂರ್ಯನು ಏರುವುದರೊಳಗೆ ಡೇರೆಯು ಲಾರಿಯಲ್ಲಿರಬೇಕು. ಸಂಜೆಗೆ ಮತ್ತೊಂದೂರಲ್ಲಿ ಎದ್ದಿರಬೇಕು. ಈ ಡೇರೆಗಳು ಈಗ ಬಹುಮಟ್ಟಿಗೆ ಇಳಿದಿವೆ. ಹರಕೆಯ ಬಯಲಾಟಗಳು ಹೆಚ್ಚಿವೆ. ಆದರೆ ಬಿಚ್ಚಲು ಕಷ್ಟವಾದ ಒಂದು ಗಂಟು ದಿನಕ್ಕೆ ಅರ್ಧ ಗಂಟೆಯನ್ನು ತಿಂದರೆ ಆರು ತಿಂಗಳಲ್ಲಿ ಎಷ್ಟಾಗುತ್ತದೆಂಬ ಲೆಕ್ಕವು ಆ ಡೇರೆಯ ಆಳುಗಳಿಗೆ ಗೊತ್ತಿದ್ದಷ್ಟು ಯಾವ ಇಂಜಿನಿಯರಿಗೂ ಗೊತ್ತಿರಲಾರದು.

ಇನ್ನು ಹಳೆಯ ಮೈಸೂರು ಸೀಮೆಗೆ ಬರೋಣ. ಇಲ್ಲಿ ಬಯಲಾಟಕ್ಕಿಂತ ಸಂಗೀತದ ಪೆಂಡಾಲು ಹೆಚ್ಚು ಪರಿಚಿತ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ 1939ರಲ್ಲಿ ಆರಂಭವಾದ ಶ್ರೀ ರಾಮಸೇವಾ ಮಂಡಲಿಯ ರಾಮನವಮಿ ಕಛೇರಿಗಳು ಕೋಟೆ ಹೈಸ್ಕೂಲಿನ ಮೈದಾನದ ಪೆಂಡಾಲಿನಲ್ಲಿ ಪ್ರಸಿದ್ಧಿ ಪಡೆದುವು. ಗಣೇಶೋತ್ಸವ, ರಾಮೋತ್ಸವಗಳ ಕಾಲದಲ್ಲಿ ಬಡಾವಣೆಗೊಂದು ಚಪ್ಪರವೇಳುತ್ತದೆ. ಅಂತಹುದೊಂದು ಚಪ್ಪರದ ಹೊಣೆಯು ಕೆಲವು ವರ್ಷಗಳ ಕೆಳಗೆ ನಮ್ಮ ತಲೆಗೆ ಬಂದಿತು.

ಹಿಂದಿನ ವರ್ಷ ಪಕ್ಕದ ಬಟ್ಟೆಗಳು ಗಾಳಿಗೆ ಪಟಪಟನೆ ಬಡಿದು ಹಾಡಿಕೆಗೆ ಅಡ್ಡಿಯಾಯಿತೆಂದು ದೂರುಗಳಿದ್ದುವು. ಅದೂ ಅಲ್ಲದೆ ಬಟ್ಟೆಯ ಕೆಳಗಿಂದ ಹುಡುಗರೂ, ಅವರ ಹಿಂದೆ ಬೀದಿಯ ನಾಯಿಗಳೂ ನುಸುಳಿ ಬರುತ್ತಿದ್ದರು. ಆದಕಾರಣ ನಾವು, ಪಕ್ಕದ ಬಟ್ಟೆಗಳ ಕೆಳಗಂಚನ್ನು ಬಿದಿರಿನ ಅಡ್ಡಗಳುವಿಗೆ ಮೊಳೆ ಹೊಡೆದು ಬಿಗಿಸಬೇಕೆಂದು ಅಪ್ಪಣೆ ಮಾಡಿದೆವು. ಚಪ್ಪರ ಕಟ್ಟುವ ಹಿರಿಯನು ಬೇಡವೆಂದನು. ಗಂಟು ಸಾಕು ಎಂದನು. ನಾವು ಸ್ವಲ್ಪ ಓದಿಕೊಂಡವರು, ಕೇಳಲಿಲ್ಲ.

ಮೂರನೆಯ ದಿನ ಸಂಜೆ ಏಳೂವರೆಯ ಸುಮಾರಿಗೆ ಅಶ್ವಿನಿ ಮಳೆ ಬಂತು. ಚೈತ್ರಮಾಸದಲ್ಲಿ ಬೆಂಗಳೂರಿನ ಕಡೆ ಮಳೆ ಹೇಗೆ ಬರುತ್ತದೆಂಬುದನ್ನು ವಿವರಿಸಬೇಕಾಗಿಲ್ಲ: ಮೊದಲು ಧೂಳು, ಆಮೇಲೆ ಗಾಳಿ, ಆಮೇಲೆ ಒಮ್ಮೆಲೇ ಸುರಿತ. ಮೇಲಣ ಟಾರ್ಪಾಲು ಒಂದು ಕಡೆ ಜೋಲುಬಿದ್ದು ನೀರು ತುಂಬಿಕೊಂಡಿತು. ಆ ಭಾರಕ್ಕೆ ಒಂದು ಕಂಬವು ವಾಲಿತು. ಅದೇ ಹೊತ್ತಿಗೆ ದೀಪಗಳು ಆರಿದುವು. ಐನೂರು ಜನರು ಒಟ್ಟಿಗೆ ಎದ್ದು ಮುಂದಣ ಬಾಗಿಲ ಕಡೆಗೆ ನುಗ್ಗಿದರು. ಪಕ್ಕದಲ್ಲಿ ಕುಳಿತಿದ್ದವರು ಬಟ್ಟೆಯನ್ನು ಎತ್ತಲು ನೋಡಿದರು, ಅದು ಏಳಲಿಲ್ಲ. ಆ ಹಿರಿಯನು ಹೊರಗಿನಿಂದ ಕುಡುಗೋಲಿನಲ್ಲಿ ಬಟ್ಟೆಯನ್ನು ಸೀಳಿ ಮೂರು ಕಡೆ ದಾರಿ ಮಾಡಿದನು. ಅದರಿಂದ ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ. ಒಬ್ಬ ವೃದ್ಧ ಮಹಿಳೆಯ ಮಣಿಕಟ್ಟು ಮುರಿಯಿತು. ಕಲಾವಿದರ ತಂಬೂರಿಯ ಬುರುಡೆಯು ಒಡೆದು ಚೂರಾಯಿತು. ಮಾರನೆಯ ದಿನ ನಾವು ಆತನೊಡನೆ ಹಾನಿಯ ಲೆಕ್ಕ ಹಾಕಲು ಕುಳಿತೆವು. "ನಾನು ಗಂಟು ಹಾಕಿ ಇಟ್ಟಿದ್ದೆ ಸ್ವಾಮಿ, ಮೊಳೆ ಹೊಡೆಸಿದವರು ಯಾರು?" ಎಂದನು. ಯಾರೆಂಬುದು ಆತನಿಗೆ ಗೊತ್ತೇ ಇತ್ತು.

ಅಂದಿನಿಂದ ನಾವು ಗಂಟಿನ ಅಭ್ಯಾಸಕ್ಕೆ ತೊಡಗಿದೆವೆಂದರೆ ಕೆಲವರಿಗೆ ನಗೆ ಬಂದೀತು. ಆದರೆ ವಿಷಯವು ನಗತಕ್ಕದ್ದಲ್ಲ. ಬಿದಿರಿನ ನಾರುಗಳೆಲ್ಲ ಉದ್ದಕ್ಕೆ ಓಡುತ್ತವೆ. ಮೊಳೆಯು ಅವುಗಳ ನಡುವೆ ಹೊಕ್ಕರೆ ಗಳುವು ಸೀಳುತ್ತದೆ. ಇಂದು ನಿಂತರೂ ಮುಂದಿನ ವರ್ಷಕ್ಕೆ ಅದು ಸೌದೆಯೇ. ಹುರಿಯ ಕಟ್ಟಾದರೋ ಭಾರವನ್ನು ಗಳುವಿನ ಸುತ್ತಲೂ ಹಂಚುತ್ತದೆ, ಗಳುವಿಗೆ ಗಾಯ ಮಾಡುವುದಿಲ್ಲ. ಗಾಳಿ ಬಂದಾಗ ತುಸು ಅಲುಗಿ ಮತ್ತೆ ತನ್ನ ಸ್ಥಾನಕ್ಕೆ ಬರುತ್ತದೆ. ಭಾರ ಹೊರುವ ಕಟ್ಟುಗಳು ಬಿಗಿಯಾದುವಾಗಿರಬೇಕು. ಪಕ್ಕದ ಬಟ್ಟೆಗಳ ಗಂಟುಗಳು ಮಾತ್ರ ಒಂದು ತುದಿಯನ್ನು ಎಳೆದೊಡನೆ ಬಿಚ್ಚಿಕೊಳ್ಳುವ ಜಾರುಗಂಟುಗಳಾಗಿರಬೇಕು. ಆ ತುದಿಯು ಒಳಗಡೆಗೆ, ಕುಳಿತವರ ಕೈಗೆ ಎಟಕುವಂತೆ ಇರಬೇಕು. ನೂಲಿನ ಹಗ್ಗವೂ ಸೆಣಬಿನ ಹಗ್ಗವೂ ನೆನೆದರೆ ಕುಗ್ಗಿ ಬಿಗಿಯುತ್ತವೆ, ಗೂಟವನ್ನೇ ಕಿತ್ತರೂ ಕಿತ್ತಾವು, ಒಣಗಿದರೆ ಸಡಿಲವಾಗುತ್ತವೆ. ಆದಕಾರಣ ಚಪ್ಪರವನ್ನು ಕಟ್ಟಿ ಮನೆಗೆ ಹೋಗುವಂತಿಲ್ಲ. ವೀಣೆಯ ತಂತಿಯನ್ನು ನೋಡಿಕೊಳ್ಳುವಂತೆ ಅದರ ಹಗ್ಗಗಳನ್ನು ಒಬ್ಬನು ಸುತ್ತಿ ಸುತ್ತಿ ನೋಡಿಕೊಳ್ಳುತ್ತಿರಬೇಕು.

ಕಟ್ಟಿ ಬಿಚ್ಚುವ ಮಂಟಪಗಳನ್ನು ಬೇರೆ ದೇಶಗಳವರೂ ಮಾಡಿದ್ದಾರೆ. ಬೆಲ್ಜಿಯಂ ದೇಶದಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಜಾತ್ರೆಯಿಂದ ಜಾತ್ರೆಗೆ ಸಾಗಿಸುವ ನೃತ್ಯಶಾಲೆಗಳನ್ನು ಕಟ್ಟುತ್ತಿದ್ದರು. ಅವುಗಳಿಗೆ ಕನ್ನಡಿ ಡೇರೆಗಳೆಂದು ಹೆಸರು. ಸುತ್ತಲೂ ಮರದ ಚೌಕಟ್ಟು, ಅದರಲ್ಲಿ ಕನ್ನಡಿಯ ಹಲಗೆಗಳು, ಬಣ್ಣದ ಗಾಜು. ಮೇಲೆ ಕ್ಯಾನ್ವಾಸಿನ ಮಾಡು. ಒಳಗೆ ಜೋಡಿ ಜೋಡಿಯಾಗಿ ಕುಣಿಯುವವರಿಗೆ ಹಲಗೆಯ ನೆಲ. ಬಿಚ್ಚಿದರೆ ಎಲ್ಲವೂ ಬಿಡಿ ಬಿಡಿ ತುಂಡುಗಳು. ಅವುಗಳಲ್ಲಿ ಕೆಲವು ನೂರು ವರ್ಷಗಳ ತರುವಾಯವೂ ಉತ್ಸವಗಳಲ್ಲಿ ಎದ್ದು ನಿಲ್ಲುತ್ತಿವೆ. ಇನ್ನೊಂದು ಉದಾಹರಣೆಯು ಇಟಲಿಯದು. 2009ರ ಭೂಕಂಪದಲ್ಲಿ ಹಾಳಾದ ಲಾಕ್ವಿಲಾ ನಗರದಲ್ಲಿ 2011ರಲ್ಲಿ ಜಪಾನಿನ ವಾಸ್ತುಶಿಲ್ಪಿ ಶಿಗೆರು ಬಾನ್ ಎಂಬವರು ಕಾಗದದ ಕೊಳವೆಗಳನ್ನು ಬಳಸಿ ಒಂದು ತಾತ್ಕಾಲಿಕ ಸಂಗೀತಶಾಲೆಯನ್ನು ಕಟ್ಟಿಸಿಕೊಟ್ಟರು. ಮನೆ ಮಠಗಳೇ ಉರುಳಿದ ಊರಿಗೆ ಸಂಗೀತಶಾಲೆಯ ಅವಸರವೇನೆಂದು ಕೇಳಬಹುದು. ಉರುಳಿದ ಊರಿನ ಜನರು ಒಂದೆಡೆ ಕುಳಿತು ಸಂಗೀತ ಕೇಳುವುದಕ್ಕೆ ಸ್ಥಳವು ಬೇಡವೇ ಎಂದು ನಾವು ಮರಳಿ ಕೇಳುತ್ತೇವೆ.

ಆದರೆ ನಮ್ಮ ಚಪ್ಪರದ ಶತ್ರುಗಳು ಬೇರೆ: ನೀರು, ಗಾಳಿ, ಬೆಂಕಿ. ಇವನ್ನು ಲೆಕ್ಕದಿಂದಲೇ ನೋಡಬೇಕು. ಹತ್ತಡಿಗೆ ಹತ್ತಡಿಯ ಬಟ್ಟೆಯು ಜೋಲುಬಿದ್ದು ಅದರಲ್ಲಿ ಸರಾಸರಿ ನಾಲ್ಕಂಗುಲ ನೀರು ನಿಂತರೆ ಆ ನೀರಿನ ತೂಕವು 900 ಕಿಲೋಗ್ರಾಮನ್ನು ಮೀರುತ್ತದೆ. ಒಂದು ಹಸುವೂ ಕರುವೂ ಮಾಡಿನ ಮೇಲೆ ಹತ್ತಿ ನಿಂತರೆ ಇಷ್ಟು ಭಾರವಾಗದು. ಇದಕ್ಕೆ ಬಲವಾದ ಕಂಬವು ಮದ್ದಲ್ಲ. ನೀರು ನಿಲ್ಲದಂತಹ ಇಳಿಜಾರೇ ಮದ್ದು. ತೆಂಗಿನ ಗರಿಯ ಮಾಡನ್ನು ನಮ್ಮ ಹಿರಿಯರು ಕಡಿದಾಗಿ ಇಳಿಬಿಡುತ್ತಿದ್ದುದು ಅಂದಕ್ಕಾಗಿಯಲ್ಲ. ಚಪ್ಪಟೆಯಾಗಿ ಹರಡಿದ ಶಾಮಿಯಾನವು ಬಿಸಿಲಿನ ಮರೆಗೆ ಹುಟ್ಟಿದ್ದು. ಅದನ್ನು ಮಳೆಯ ಕೆಳಗೆ ಕಟ್ಟುವುದು ಕೊಡೆಯನ್ನು ತಲೆಕೆಳಗೆ ಹಿಡಿದಂತೆ.

ಗಾಳಿಯು ಇನ್ನೂ ಕಪಟಿ. ಗಂಟೆಗೆ 72 ಕಿಲೋಮೀಟರು ವೇಗದ ಗಾಳಿಯು ತನಗೆ ಅಡ್ಡಬಂದ ಪ್ರತಿ ಚದರ ಅಡಿಯ ಮೇಲೂ ಎರಡು ಕಿಲೋಗ್ರಾಮಿಗಿಂತ ತುಸು ಹೆಚ್ಚಿನ ಒತ್ತಡವನ್ನು ಹಾಕುತ್ತದೆ. ವೇಗವು ಇಮ್ಮಡಿಸಿದರೆ ಒತ್ತಡವು ನಾಲ್ಮಡಿಸುತ್ತದೆ. 30 ಅಡಿ ಅಗಲ, 60 ಅಡಿ ಉದ್ದದ ಮಾಡನ್ನು ಆ ಗಾಳಿಯು ಕೆಳಗಿನಿಂದ ಅದೇ ಬಲದಿಂದ ಎತ್ತಿದರೆ ನಾಲ್ಕು ಟನ್ನಿನ ಸುಮಾರಾಗುತ್ತದೆ. ಚಪ್ಪರವು ಬೀಳುವುದಕ್ಕಿಂತ ಹಾರುವುದೇ ಹೆಚ್ಚೆಂಬುದನ್ನು ಮೈದಾನದಲ್ಲಿ ಕೆಲಸ ಮಾಡಿದವರು ಬಲ್ಲರು. ಡಾಂಬರಿನ ಬೀದಿಯಲ್ಲಿ ಕುಳಿ ತೋಡುವಂತಿಲ್ಲ. ಕಾಂಕ್ರೀಟು ತುಂಬಿದ ಪೀಪಾಯಿಗಳಿಗೆ ಕಂಬಗಳನ್ನು ಸಿಕ್ಕಿಸಬೇಕಾಗುತ್ತದೆ. ಇದಕ್ಕೆ ನಾವು ಕಂಡುಕೊಂಡ ಒಂದು ಉಪಾಯವನ್ನು ಹೇಳುತ್ತೇವೆ. ಮಾಡಿನ ಬಟ್ಟೆಯನ್ನು ಚೌಕಟ್ಟಿಗೆ ಕಟ್ಟುವ ಹುರಿಯು ಚೌಕಟ್ಟಿನ ಕಟ್ಟಿಗಿಂತ ದುರ್ಬಲವಾಗಿರತಕ್ಕದ್ದು. ಹೆಚ್ಚಿನ ಗಾಳಿಗೆ ಬಟ್ಟೆಯು ಮೊದಲು ಬಿಟ್ಟುಕೊಳ್ಳಲಿ, ಕಂಬಗಳು ನಿಂತಿರಲಿ. ವಿದ್ಯುದ್ದೀಪದ ಫ್ಯೂಸಿನ ತತ್ತ್ವವೇ ಇದು. ಎರಡನೆಯದು, ಕಛೇರಿಯನ್ನು ನಿಲ್ಲಿಸಿ ಜನರನ್ನು ಹೊರಕ್ಕೆ ಕಳುಹಿಸುವ ಅಧಿಕಾರವು ಚಪ್ಪರ ಕಟ್ಟಿದವನ ಕೈಯಲ್ಲಿರಬೇಕು, ಕಾರ್ಯದರ್ಶಿಯ ಕೈಯಲ್ಲಲ್ಲ. ಕಾರ್ಯದರ್ಶಿಗೆ ಯಾವಾಗಲೂ ಇನ್ನೊಂದು ಕೀರ್ತನೆಯವರೆಗೆ ತಾಳೋಣವೆಂದು ತೋರುತ್ತದೆ. ಆ ಸ್ಥಾನದಲ್ಲಿ ಕುಳಿತು ಹಾಗೆ ತಾಳಿದವರು ನಾವು.

ಬೆಂಕಿಯ ವಿಷಯದಲ್ಲಿ ಲಘುವಾಗಿ ಮಾತನಾಡಲು ಮನಸ್ಸು ಬಾರದು. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ಒಂದು ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು, ಉರಿಯೂ ನೂಕುನುಗ್ಗಲೂ ಸೇರಿ 90ಕ್ಕೂ ಹೆಚ್ಚು ಜನರು ಸತ್ತರು. ಅವರಲ್ಲಿ ಬಹುಪಾಲು ಮಕ್ಕಳು. 1944ರ ಜುಲೈ 6ರಂದು ಅಮೆರಿಕದ ಹಾರ್ಟ್‌ಫರ್ಡ್ ನಗರದಲ್ಲಿ ಸರ್ಕಸ್ಸಿನ ಡೇರೆಯೊಂದು ಉರಿದು 160ಕ್ಕೂ ಮೀರಿ ಜನರು ಸತ್ತಿದ್ದರು. ಮಳೆಯ ನೀರು ಹೊಗದಿರಲೆಂದು ಆ ಬಟ್ಟೆಗೆ ಪ್ಯಾರಾಫಿನ್ ಮೇಣವನ್ನು ಪೆಟ್ರೋಲಿನಲ್ಲಿ ಕರಗಿಸಿ ಬಳಿದಿದ್ದರು. ನೀರಿನಿಂದ ಕಾಪಾಡಿದ್ದೇ ಬೆಂಕಿಗೆ ಒಪ್ಪಿಸಿತು. ಹರಿಯಾಣದ ಡಬ್‌ವಾಲಿಯಲ್ಲಿ 1995ರ ಡಿಸೆಂಬರ್ 23ರಂದು ಶಾಲೆಯ ಉತ್ಸವವೊಂದರಲ್ಲಿ ಕೃತಕ ನೂಲಿನ ಡೇರೆಯು ಹೊತ್ತಿ 400ಕ್ಕೂ ಹೆಚ್ಚು ಜನರು ಸತ್ತರು. ಅಲ್ಲಿ ಹೊರಕ್ಕೆ ಹೋಗಲು ತೆರೆದಿದ್ದ ಬಾಗಿಲು ಒಂದೇ.

ಈ ವೃತ್ತಾಂತಗಳನ್ನು ಓದುವಾಗಲೆಲ್ಲ ನಮಗೆ ನಮ್ಮ ಮೊಳೆಗಳು ನೆನಪಾಗುತ್ತವೆ. ನಮ್ಮ ಪಾಲಿಗೆ ಬಂದದ್ದು ಮಳೆ; ಬೆಂಕಿಯಾಗಿದ್ದರೆ ಕುಡುಗೋಲಿಗೆ ಸಮಯವಿರುತ್ತಿರಲಿಲ್ಲ.

ಹತ್ತಿಯ ಬಟ್ಟೆಯೂ ಉರಿಯುತ್ತದೆ, ಗರಿಯೂ ಉರಿಯುತ್ತದೆ. ಆದರೆ ಕೃತಕ ನೂಲಿನ ಬಟ್ಟೆಯು ಉರಿಯುತ್ತ ಕರಗಿ ಕೆಳಗಿದ್ದವರ ಮೈಮೇಲೆ ಹನಿಯುತ್ತದೆ. ಬೊರಾಕ್ಸ್ ಮತ್ತು ಬೋರಿಕ್ ಆಮ್ಲಗಳ ನೀರಿನಲ್ಲಿ ಅದ್ದಿ ಒಣಗಿಸಿದ ಹತ್ತಿಬಟ್ಟೆಯು ಬೇಗ ಹೊತ್ತುವುದಿಲ್ಲ. ಆದರೆ ಒಂದು ಮಳೆಗೆ ಆ ಮದ್ದು ತೊಳೆದುಹೋಗುತ್ತದೆ, ಮತ್ತೆ ಅದ್ದಬೇಕು. ತಾತ್ಕಾಲಿಕ ಕಟ್ಟಡಗಳಲ್ಲಿಯೂ ಪೆಂಡಾಲುಗಳಲ್ಲಿಯೂ ಬೆಂಕಿಯ ವಿಷಯದಲ್ಲಿ ವಹಿಸತಕ್ಕ ಎಚ್ಚರಿಕೆಗೆಂದೇ ಭಾರತೀಯ ಮಾನಕ ಸಂಸ್ಥೆಯ 8758ನೆಯ ಸಂಖ್ಯೆಯ ಸಂಹಿತೆಯೊಂದಿದೆ. ಉತ್ಸವ ಸಮಿತಿಗಳು ಆಹ್ವಾನಪತ್ರಿಕೆಯ ಕರಡನ್ನು ತಿದ್ದುವುದಕ್ಕೆ ಕೊಡುವ ಸಮಯದಲ್ಲಿ ಕಾಲುಭಾಗವನ್ನು ಅದಕ್ಕೆ ಕೊಟ್ಟರೂ ಸಾಕು. ಸಂಹಿತೆಯ ಆಚೆಗೆ ನಮ್ಮದೊಂದು ಮಾತುಂಟು: ಪಕ್ಕದ ಬಟ್ಟೆಯು ಎಲ್ಲಿ ಎತ್ತಿದರೂ ಏಳುವಂತಿದ್ದರೆ ಚಪ್ಪರಕ್ಕೆ ಬಾಗಿಲುಗಳೆಷ್ಟು ಎಂದು ಎಣಿಸುವ ಪ್ರಮೇಯವೇ ಇಲ್ಲ. ಮೂರು ಕಡೆಯೂ ಬಾಗಿಲೇ.

ಮೂರು ಕಡೆಯೂ ತೆರೆದ ಮಂಟಪದಲ್ಲಿ ಹಾಡು ಕೇಳಿಸೀತೇ? ಇದು ನ್ಯಾಯವಾದ ಪ್ರಶ್ನೆ. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ವ್ಯಾಲೇಸ್ ಸೇಬಿನ್ ಎಂಬ ತರುಣ ಉಪಾಧ್ಯಾಯನಿಗೆ, ಮಾತೇ ಅರ್ಥವಾಗದಷ್ಟು ಮೊಳಗುತ್ತಿದ್ದ ಒಂದು ಉಪನ್ಯಾಸಶಾಲೆಯನ್ನು ಸರಿಪಡಿಸುವ ಕೆಲಸ ಬಂತು. ಆತನು ರಾತ್ರಿಯ ಹೊತ್ತು ಇನ್ನೊಂದು ಸಭಾಂಗಣದ ಮೆತ್ತೆಗಳನ್ನು ಹೊರಿಸಿ ತಂದು ಹಾಸಿ, ಒಂದು ಆರ್ಗನ್ ಕೊಳವೆಯನ್ನು ನುಡಿಸಿ, ಅದರ ಮೊಳಗು ಎಷ್ಟು ಸೆಕೆಂಡಿಗೆ ಅಡಗುತ್ತದೆಂದು ಅಳೆದನು. ಮೆತ್ತೆಗಳು ಹೆಚ್ಚಿದಷ್ಟೂ ಮೊಳಗು ಬೇಗ ಅಡಗಿತು. ಶಬ್ದವನ್ನು ಹೀರುವ ಶಕ್ತಿಗೆ ಒಂದು ಮಾನವು ಬೇಕಾದಾಗ ಆತನು ಆರಿಸಿಕೊಂಡದ್ದು ತೆರೆದ ಕಿಟಕಿಯನ್ನು. ಅದರ ಮೂಲಕ ಹೋದ ಶಬ್ದವು ಹಿಂದಿರುಗುವುದಿಲ್ಲವಷ್ಟೆ. ಹಾಗೆ ನೋಡಿದರೆ ನಮ್ಮ ಚಪ್ಪರವು ಬರಿಯ ಕಿಟಕಿಯೇ. ಅದರಲ್ಲಿ ಮೊಳಗಿಲ್ಲ, ಆದ್ದರಿಂದ ಸಾಹಿತ್ಯವು ಸ್ಪಷ್ಟ. ಸ್ವರಕ್ಕೆ ಆಸರೆಯೂ ಇಲ್ಲ, ಆದ್ದರಿಂದ ಹಿಂದೆ ಕುಳಿತವರಿಗೆ ಅದು ತೆಳುವಾಗಿ ಕೇಳುತ್ತದೆ. ಇದಕ್ಕೆ ಮದ್ದು ಸುಲಭ. ಗಾಯಕರ ಬೆನ್ನಿಗೆ ಮರದ ಹಲಗೆಗಳ ಒಂದು ಗೋಡೆ, ತಲೆಯ ಮೇಲೆ ಮುಂದಕ್ಕೆ ಚಾಚಿದ ಒಂದು ಹಲಗೆಯ ಮಾಡು. ವ್ಯರ್ಥವಾಗಿ ಹಿಂದಕ್ಕೂ ಮೇಲಕ್ಕೂ ಹೋಗುವ ನಾದವು ಇದಕ್ಕೆ ಬಡಿದು ಮುಂದಕ್ಕೆ ಬರುತ್ತದೆ. ತಗಡಿನ ಮಾಡನ್ನು ಮಾತ್ರ ಹಾಕಕೂಡದು. ಹತ್ತು ಹನಿ ಮಳೆಗೆ ಹತ್ತು ಮೃದಂಗ ನುಡಿಯುತ್ತವೆ.

ಬಯಲಿನ ರಾತ್ರಿಗೆ ಇನ್ನೊಂದು ಸಹಾಯವುಂಟು. ಸೂರ್ಯನು ಮುಳುಗಿದ ಮೇಲೆ ನೆಲವು ತಣ್ಣಗಾಗಿ, ನೆಲಕ್ಕೆ ತಾಗಿದ ಗಾಳಿಯು ಮೇಲಣ ಗಾಳಿಗಿಂತ ತಂಪಾಗುತ್ತದೆ. ಆಗ ಮೇಲಕ್ಕೆ ಹೋದ ಶಬ್ದವು ಬಾಗಿ ನೆಲದ ಕಡೆಗೆ ಇಳಿಯುತ್ತದೆ. ಚಳಿಗಾಲದ ನಡುರಾತ್ರಿ ಎರಡು ಊರಾಚೆಯ ಚಂಡೆಯು ಹಾಸಿಗೆಯಲ್ಲಿದ್ದವರಿಗೆ ಕೇಳುವುದು ಇದರಿಂದಲೇ. ಹಗಲಿನಲ್ಲಿ ಅದೇ ಚಂಡೆಯು ಅಷ್ಟು ದೂರ ಬಾರದು.

ಮಂಟಪದ ಗಾತ್ರವನ್ನು ಕುರಿತು ಭರತಮುನಿಯು ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯದಲ್ಲಿ ಹೇಳಿರುವುದು ಇಂದಿಗೂ ಯೋಚಿಸತಕ್ಕದ್ದಾಗಿದೆ. ಮನುಷ್ಯರಿಗೆ 64 ಹಸ್ತ ಉದ್ದ, 32 ಹಸ್ತ ಅಗಲದ ಮಂಟಪವು ಸಾಕು; ಅದಕ್ಕಿಂತ ದೊಡ್ಡದಾದರೆ ಮಾತು ಕೇಳಿಸದು, ಮುಖದ ಭಾವವು ಕಾಣಿಸದು ಎಂಬುದು ಅಲ್ಲಿಯ ಅಭಿಪ್ರಾಯ. ಹಸ್ತಕ್ಕೆ ಒಂದೂವರೆ ಅಡಿಯಂತೆ ಅದು 96 ಅಡಿ, 48 ಅಡಿಯಾಯಿತು. ಅದರಲ್ಲಿ ಅರ್ಧವು ಪ್ರೇಕ್ಷಕರಿಗೆ, ಅಂದರೆ 2,304 ಚದರ ಅಡಿ. ಜಮಖಾನದ ಮೇಲೆ ಒಬ್ಬರು ನೆಮ್ಮದಿಯಾಗಿ ಕುಳಿತುಕೊಳ್ಳಲು ಆರು ಚದರ ಅಡಿಯೆಂದು ನಾವು ಲೆಕ್ಕ ಹಿಡಿದಿದ್ದೇವೆ. ಹೀಗೆ 384 ಜನ. ಧ್ವನಿವರ್ಧಕವು ಬಂದ ಮೇಲೆ ಈ ಮಿತಿಯನ್ನು ನಾವೆಲ್ಲ ಮರೆತೆವು. ಎಷ್ಟು ಸಾವಿರ ಜನರಿಗಾದರೂ ಕೇಳಿಸಬಹುದೆಂದು ಪೆಂಡಾಲು ಬೆಳೆಯಿತು. ಕೇಳಿಸುವುದೇನೋ ಕೇಳಿಸುತ್ತದೆ, ಗಾಯಕನ ಮುಖವು ಮಾತ್ರ ಬೆಂಕಿಪೆಟ್ಟಿಗೆಯ ಚಿತ್ರದಷ್ಟಾಗಿದೆ. ದೊಡ್ಡ ಪೆಂಡಾಲುಗಳನ್ನು ನಾವು ಬೇಡವೆನ್ನಲಾರೆವು. ಸಂಗೀತವು ಮನೆತನದ ಸೊತ್ತಾಗಿರದೆ ಬೀದಿಯ ಜನರದಾದದ್ದು ಅವುಗಳಿಂದಲೇ. ಆದರೂ ಒಂದು ಬಡಾವಣೆಯವರು ಹೊಸದಾಗಿ ಮಂಟಪವನ್ನು ಮಾಡಿಸುವಾಗ ಭರತನ ಅಳತೆಯಿಂದಲೇ ಆರಂಭಿಸುವುದು ಲೇಸೆಂದು ನಮಗೆ ತೋರುತ್ತದೆ. ಸಣ್ಣ ಮಂಟಪದಲ್ಲಿ ಮೂರು ದಿನದ ಕಛೇರಿಯನ್ನು ಆರು ದಿನ ಮಾಡಬಹುದಲ್ಲ!

ಕುಣಿತಕ್ಕೆ ಬಂದರೆ ಅಗತ್ಯಗಳೇ ಬೇರೆ. ಇಪ್ಪತ್ತು ಜನರು ಸುತ್ತುಗಟ್ಟಿ ಕೋಲಾಟ ಆಡುವಾಗ ಒಬ್ಬೊಬ್ಬರಿಗೆ ನಾಲ್ಕಡಿಯಂತೆ ಹಿಡಿದರೆ ವರ್ತುಲದ ಸುತ್ತಳತೆಯು 80 ಅಡಿ. ವ್ಯಾಸವು 25 ಅಡಿಗಿಂತ ಸ್ವಲ್ಪ ಹೆಚ್ಚು. ಅಷ್ಟರ ನಡುವೆ ಕಂಬವು ಬರಕೂಡದು. ಹಾಗೆಂದು ಅಷ್ಟಗಲಕ್ಕೆ ಮಾಡು ಹಾಕುವುದಕ್ಕೆ ಕಬ್ಬಿಣದ ದೂಲಗಳನ್ನು ತರಿಸುವ ಮೊದಲು, ಮಾಡು ಬೇಕೇ ಎಂದು ಕೇಳಿಕೊಳ್ಳುವುದೊಳ್ಳೆಯದು. ಕೊಡಗಿನವರು ಪುತ್ತರಿಯ ಕೋಲಾಟವನ್ನು ಊರಿನ ಮಂದಿನಲ್ಲಿ, ಬರಿಯ ಬಯಲಿನಲ್ಲಿ ಆಡುತ್ತಾರೆ. ಮಳೆಗಾಲವು ಮುಗಿದ ಮೇಲೆ ಬರುವ ಹಬ್ಬಕ್ಕೆ ಆಕಾಶವೇ ಮಾಡು. ಕಟ್ಟದೆ ಇರುವುದೂ ಕೆಲವು ಸಲ ಒಳ್ಳೆಯ ವಾಸ್ತುವಿದ್ಯೆ.

ಭರತನಾಟ್ಯದವರಿಗಾದರೋ ನೆಲವು ಮುಖ್ಯ. ಸಿಮೆಂಟಿನ ನೆಲಕ್ಕೆ ತಾಗಿಸಿ ಹಾಸಿದ ಹಲಗೆಯು ನೋಡುವುದಕ್ಕೆ ಹಲಗೆ, ಮೆಟ್ಟುವುದಕ್ಕೆ ಸಿಮೆಂಟೇ; ಮಂಡಿಯೂ ಹಿಮ್ಮಡಿಯೂ ಅದಕ್ಕೆ ಬೆಲೆ ತೆರುತ್ತವೆ. ಅಡ್ಡಪಟ್ಟಿಗಳ ಮೇಲೆ ಹಲಗೆಗಳನ್ನು ಕೂಡಿಸಿ ಕೆಳಗೆ ಗಾಳಿಗೆ ಎಡೆಯಿಟ್ಟರೆ ನೆಲವು ತುಸು ಬಳುಕಿ ಕಾಲನ್ನು ಕಾಯುತ್ತದೆ. ಗೆಜ್ಜೆಯ ಸದ್ದಿಗೂ ಒಂದು ಒಡಲು ಬರುತ್ತದೆ. ಇಲ್ಲಿಯೂ ಮೊಳೆಯೇ ವೈರಿ. ಹಲಗೆಗಳು ಅಲುಗಿದಂತೆ ಮೊಳೆಯ ತಲೆಯು ಮೇಲೇಳುತ್ತದೆ, ಬರಿಗಾಲಿನವರಿಗೆ ಅದು ಕಾಣುವುದಿಲ್ಲ. ನಮ್ಮ ಬಡಗಿಯು ಹಲಗೆಗಳಿಗೆ ಕಚ್ಚು ಕೊಟ್ಟು ಒಂದರೊಳಗೊಂದು ಕೂಡುವಂತೆ ಮಾಡಿ, ತುದಿಗಳಲ್ಲಿ ಮರದ ಬೆಣೆ ಬಡಿದನು. ಬೆಣೆಯನ್ನು ತೆಗೆದರೆ ನೆಲವೆಲ್ಲ ಅರ್ಧ ಗಂಟೆಯಲ್ಲಿ ಬಿಡಿ ಬಿಡಿ.

ಹೀಗೆ ಎರಡು ವರ್ಷಗಳ ಓಡಾಟದಲ್ಲಿ ನಮ್ಮ ಬಡಾವಣೆಯವರು ಸ್ವಂತದ ಒಂದು ಮಂಟಪವನ್ನು ಮಾಡಿಸಿಕೊಂಡೆವು. ಹನ್ನೆರಡಡಿಯ ಅಂಕಣಗಳು, ಕಛೇರಿಗೆ ಹತ್ತು ಅಂಕಣ, ಹರಿಕಥೆಗೆ ಆರು, ಮದುವೆಗೆ ಯಾರಾದರೂ ಕೇಳಿದರೆ ಎರಡೋ ನಾಲ್ಕೋ. ಸರ್ವೆ ಮರದ ಕಂಬ, ಬಿದಿರಿನ ಗಳು, ಹತ್ತಿಯ ಬಟ್ಟೆ. ಪೀಪಾಯಿಗಳನ್ನು ಬಿಟ್ಟರೆ ಇಬ್ಬರು ಎತ್ತಲಾರದ ತುಂಡು ಯಾವುದೂ ಇರಕೂಡದೆಂಬುದು ನಿಯಮ. ಪೀಪಾಯಿಗಳನ್ನು ಉರುಳಿಸಿಕೊಂಡು ಹೋಗುತ್ತೇವೆ. ಆ ಹಿರಿಯನೇ ನಿಂತು ಕಟ್ಟಿಸಿದನು. ಪಕ್ಕದ ಬಟ್ಟೆಗಳು ಗಾಳಿಗೆ ಈಗಲೂ ಪಟಪಟನೆ ಬಡಿಯುತ್ತವೆ. ಹುಡುಗರು ಈಗಲೂ ನುಸುಳುತ್ತಾರೆ. ದೂರು ಹೇಳಿದವರಿಗೆ ನಾವು ಜಾರುಗಂಟಿನ ತುದಿಯನ್ನು ಕೈಗೆ ಕೊಟ್ಟು ಒಮ್ಮೆ ಎಳೆದು ನೋಡಿರೆನ್ನುತ್ತೇವೆ.

ಕಟ್ಟುವುದಕ್ಕಿಂತ ಇಡುವುದು ಕಷ್ಟವೆಂಬುದು ಆಮೇಲೆ ತಿಳಿಯಿತು. ಬಿದಿರಿನಲ್ಲಿ ಹಿಟ್ಟಿನ ಅಂಶವಿರುವುದರಿಂದ ಕೊರೆಹುಳುವಿಗೆ ಅದು ಊಟ. ಮಳೆಗಾಲ ಕಳೆದ ಮೇಲೆ ಕಡಿದ ಬಿದಿರನ್ನು ಕೆಲವು ವಾರ ನೀರಿನಲ್ಲಿ ಮುಳುಗಿಸಿಟ್ಟರೆ ಆ ಅಂಶವು ಬಹುಪಾಲು ಇಳಿದುಹೋಗುತ್ತದೆ. ಕೆರೆಗಳಿಲ್ಲದ ಬಡಾವಣೆಯಲ್ಲಿ ನಾವು ಇದಕ್ಕಾಗಿ ಒಂದು ತೊಟ್ಟಿಯನ್ನು ಕಟ್ಟಿಸಬೇಕಾಯಿತು. ಆ ವಾಸನೆಗೆ ಅಕ್ಕಪಕ್ಕದವರು ನಮ್ಮನ್ನು ಇನ್ನೂ ಕ್ಷಮಿಸಿಲ್ಲ. ಬಟ್ಟೆಯನ್ನು ಪೂರ್ತಿ ಒಣಗಿಸದೆ ಮಡಿಸಿದರೆ ಮೂರು ದಿನದಲ್ಲಿ ಬೂಷ್ಟು. ಗಳುಗಳನ್ನು ನೆಲದಿಂದ ಒಂದಡಿ ಎತ್ತರದ ಅಟ್ಟಣೆಯ ಮೇಲೆ ಇಡಬೇಕು, ಇಲ್ಲದಿದ್ದರೆ ಗೆದ್ದಲು. ಇಷ್ಟನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟು, ಪ್ರತಿಸಲ ಒಳಗಿಡುವಾಗಲೂ ಎಣಿಸುತ್ತೇವೆ. ಕಳೆದ ಸಲ ಎಣಿಸಿದಾಗ 64 ಗೂಟಗಳಲ್ಲಿ 3 ಸಿಕ್ಕಲಿಲ್ಲ. ಒಂದು ಗೂಟಕ್ಕೆ ಹಿಂದಣ ಬೀದಿಯಲ್ಲಿ ಯಾರೋ ಹಸುವನ್ನು ಕಟ್ಟಿದ್ದರು, ಕೇಳಿ ತಂದೆವು. ಉಳಿದೆರಡನ್ನು ಹಬ್ಬಕ್ಕೆ ಮೊದಲು ಮಾಡಿಸಬೇಕಾಗಿದೆ.